ಮರ ಸಾಗಿದ ಹಾದಿಯಲ್ಲಿ ಹಿಮದ ನಡಿಗೆ

ನಮ್ಮ ಓದುಗ ಬಂಧುಗಳಲ್ಲಿ ಕೆಲವರ ಮಕ್ಕಳು ಇಂದು ಅಮೆರಿಕೆಯ ವಾಯವ್ಯ ಭಾಗದ ವಾಷಿಂಗ್ಟನ್, ಆರೆಗನ್ ರಾಜ್ಯಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವರು. ಡಿಸೆಂಬರ್ ಕಾಲಿಟ್ಟಿತೆಂದರೆ ‘ಈ ಶನಿವಾರ ಸ್ಕೀಯಿಂಗಿಗೆ ಹೋಗುತ್ತಿದ್ದೇವೆ’ ಎಂಬ ಮಾತು ದೂರವಾಣಿಯಲ್ಲಿ ಕೇಳಿಬರುವುದುಂಟು. ಕೇಳಿದ ತಾಯಿಯ ಎದೆ ಝಲ್ಲೆನ್ನುತ್ತದೆ. ಕಡಿದಾದ ಬೆಟ್ಟದ ನೆತ್ತಿಯಿಂದ ಬಾಣದಂತೆ ಇಳಿಯುವ ಕ್ರೀಡಾಪಟುವಿನ ಚಿತ್ರವೇ ಆಕೆಯ ಕಣ್ಣೆದುರು ನಿಲ್ಲುವುದು. ಆದರೆ ಸ್ಕೀಯಿಂಗ್ ಎಂದರೆ ಅದೊಂದೇ ಅಲ್ಲ. ನಡಿಗೆಯಂತೆಯೇ ಸೌಮ್ಯವಾದ ಇನ್ನೊಂದು ಬಗೆಯುಂಟು. ಕಾಡಿನೊಳಗೆ ಮರದ ದಿಮ್ಮಿಗಳನ್ನು ಸಾಗಿಸಲೆಂದು ಕಡಿದ ಹಾದಿಗಳೇ, ಅಂದರೆ ನಮ್ಮ ಮಲೆನಾಡಿನವರು ಕೂಪಿನ ರಸ್ತೆ ಎನ್ನುವಂಥವೇ, ಅದಕ್ಕೆ ತಕ್ಕ ನೆಲ.

ಈ ಬಗೆಯಲ್ಲಿ ಪಾದರಕ್ಷೆಯ ತುದಿಯನ್ನು ಮಾತ್ರ ಉದ್ದನೆಯ ಕಿರಿದಾದ ಹಲಗೆಗೆ ಬಂಧಿಸಿರುತ್ತಾರೆ, ಹಿಮ್ಮಡಿ ಬಿಡುವಾಗಿರುತ್ತದೆ. ಆದುದರಿಂದ ಹೆಜ್ಜೆಯಿಟ್ಟು ಮುಂದೆ ಜಾರುವುದು ಸಾಧ್ಯ. ಹಲಗೆಯ ತಳದಲ್ಲಿ ಮೀನಿನ ಹುರುಪೆಯಂಥ ಗೀರುಗಳಿದ್ದು, ಏರಿನಲ್ಲಿ ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಕೈಯಲ್ಲಿ ಎರಡು ಊರುಗೋಲು. ಇದು ಹೊಸ ವಿನೋದವೇನಲ್ಲ. ಸ್ವೀಡನ್ ದೇಶದ ಜೌಗು ನೆಲದಲ್ಲಿ ದೊರೆತ ಒಂದು ಜೊತೆ ಸ್ಕೀ ಐದು ಸಾವಿರ ವರ್ಷಗಳಿಗೂ ಹಳೆಯದು. ಹಿಮದ ನಾಡಿನವರಿಗೆ ಅದು ಕ್ರೀಡೆಯಾಗುವುದಕ್ಕೆ ಬಹಳ ಮೊದಲೇ ಬದುಕಿನ ಸಾಧನವಾಗಿತ್ತು.

ಈ ಹಾದಿಗಳ ಕಥೆ ಮರದ ಕಥೆಯೇ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕೆಯಲ್ಲಿ ಮನೆಗಳ ನಿರ್ಮಾಣ ಭರದಿಂದ ಸಾಗಿ, ಮರಕ್ಕೆ ಅಪಾರ ಬೇಡಿಕೆ ಬಂದಿತು. ಬೆಟ್ಟ ಬೆಟ್ಟಗಳನ್ನು ಸುತ್ತಿ ರಸ್ತೆಗಳು ಏರಿದವು. ರಾಷ್ಟ್ರೀಯ ಅರಣ್ಯಗಳೊಳಗಿನ ರಸ್ತೆಗಳನ್ನೆಲ್ಲ ಕೂಡಿಸಿದರೆ ಸುಮಾರು ಆರು ಲಕ್ಷ ಕಿಲೋಮೀಟರು ಆಗುವುದೆಂದರೆ ಆ ಜಾಲದ ವಿಸ್ತಾರವನ್ನು ಊಹಿಸಬಹುದು. 1990ರಲ್ಲಿ ಅಲ್ಲಿನ ಚುಕ್ಕೆ ಗೂಬೆಗೆ ಕಾನೂನಿನ ರಕ್ಷಣೆ ದೊರೆಯಿತು. 1994ರಲ್ಲಿ ವಾಯವ್ಯದ ಅರಣ್ಯಗಳಿಗೆಂದೇ ಹೊಸ ಯೋಜನೆ ಜಾರಿಗೆ ಬಂದಿತು. ಸರ್ಕಾರಿ ಕಾಡುಗಳಲ್ಲಿ ಕಡಿತ ಬಹಳ ಇಳಿಯಿತು. ಒಂದು ಪುಟ್ಟ ಹಕ್ಕಿಯ ಹೆಸರಿನಲ್ಲಿ ಗರಗಸಗಳು ಮೌನವಾದುದು ಕಂಡು ಎಷ್ಟೋ ಊರುಗಳ ಕೆಲಸಗಾರರು ಕಣ್ಣೀರಿಟ್ಟರು. ಆ ನೋವನ್ನೂ ನಾವು ಮರೆಯಬಾರದು. ಮರ ಸಾಗದಿದ್ದರೂ ರಸ್ತೆಗಳು ಮಾತ್ರ ಉಳಿದವು.

ಚಳಿಗಾಲದಲ್ಲಿ ಇವುಗಳ ಮೇಲೆ ಆಳುದ್ದ ಹಿಮ ಬಿದ್ದು ವಾಹನ ಸಂಚಾರ ನಿಲ್ಲುತ್ತದೆ. ದಿಮ್ಮಿ ಹೊತ್ತ ಭಾರಿ ಲಾರಿ ಏರಿಳಿಯಬೇಕಾದ್ದರಿಂದ ಇಂಥ ರಸ್ತೆಯ ಏರು ಬಹುಮಟ್ಟಿಗೆ ಹದವಾಗಿಯೇ ಇರುತ್ತದೆ. ಅಗಲವೂ ಉಂಟು, ಮರಗಳ ನಡುವೆ ದಾರಿ ಸ್ಪಷ್ಟವಾಗಿ ಕಾಣುವುದೂ ಉಂಟು. ಹೊಸಬರಿಗೆ ಇದಕ್ಕಿಂತ ಅನುಕೂಲದ ನೆಲ ದುರ್ಲಭ. ಸಿಯಾಟಲ್‌ನಿಂದ ಪೂರ್ವಕ್ಕೆ ಹೆದ್ದಾರಿಯಲ್ಲಿ ಹೊರಟು ಸ್ನೋಕ್ವಾಲ್ಮಿ ಕಣಿವೆದಾರಿಯನ್ನು ದಾಟಿದರೆ ಕ್ಯಾಬಿನ್ ಕ್ರೀಕ್ ಎಂಬಲ್ಲಿ ಹಿಮ ತೆಗೆದು ಸಿದ್ಧಪಡಿಸಿದ ವಾಹನ ನಿಲುಗಡೆ ಇದೆ. ಇಂಥ ತಾಣಗಳಿಗೆ ಸ್ನೋ-ಪಾರ್ಕ್ ಎಂದು ಹೆಸರು; ಪರವಾನಗಿ ಚೀಟಿ ಕೊಳ್ಳಬೇಕು. ಅಲ್ಲಿಂದ ಅಮಾಬಿಲಿಸ್ ಬೆಟ್ಟದ ಹಾದಿ ಸುತ್ತಿ ಸುತ್ತಿ ಏರುವುದು. ಹಿಮ ಎಲ್ಲ ಸದ್ದನ್ನೂ ಹೀರಿಕೊಂಡಿರುತ್ತದೆ. ಹೆಮ್ಲಾಕ್ ಮರದ ಕೊಂಬೆಯಿಂದ ಹಿಮದ ಮುದ್ದೆ ಜಾರಿ ಬಿದ್ದರೆ ಅದೇ ದೊಡ್ಡ ಶಬ್ದ. ಮೊಲ ದಾಟಿಹೋದ ಹೆಜ್ಜೆಗಳು ಹಾದಿಗೆ ಅಡ್ಡಲಾಗಿ ಹೊಲಿಗೆ ಹಾಕಿದಂತೆ ಕಾಣುತ್ತವೆ.

ಆದರೆ ಹದವಾದ ಈ ಹಾದಿಯಲ್ಲೇ ಒಂದು ಮೋಸವಿದೆ. ನಮ್ಮ ನಾಡಿನಲ್ಲಿ ಯಾವ ದಾರಿ ಹಿಡಿದರೂ ಕೊನೆಗೊಂದು ಊರು, ಒಂದು ಗುಡಿ, ಬಾವಿಯ ಬಳಿ ನಿಂತ ಒಬ್ಬ ತಾಯಿ ಸಿಕ್ಕೇ ಸಿಗುವರೆಂಬ ನಂಬಿಕೆ ನಮ್ಮದು. ದಾರಿ ತಪ್ಪಿದರೂ ಮುಂದೆ ಹೋದರಾಯಿತು ಎನ್ನುತ್ತೇವೆ. ಮರ ಸಾಗಿಸುವ ಹಾದಿ ಊರಿಗೆ ಹೋಗುವುದಿಲ್ಲ. ಮರ ಎಲ್ಲಿ ಇತ್ತೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಕವಲೊಡೆದ ಹತ್ತು ಹಾದಿಗಳು ಹಿಮದಡಿ ಒಂದೇ ತೆರನಾಗಿ ಕಾಣುವವು.

2006ರ ನವೆಂಬರಿನಲ್ಲಿ ಸಾನ್ ಫ್ರಾನ್ಸಿಸ್ಕೋದ ಒಂದು ಕುಟುಂಬ, ತಂದೆ, ತಾಯಿ, ಇಬ್ಬರು ಎಳೆಯ ಹೆಣ್ಣುಮಕ್ಕಳು, ದಕ್ಷಿಣ ಆರೆಗನ್ನಿನ ಬೆಟ್ಟದಲ್ಲಿ ರಾತ್ರಿ ಇಂಥದೇ ಒಂದು ಕವಲಿಗೆ ಕಾರು ತಿರುಗಿಸಿ ಹಿಮದಲ್ಲಿ ಸಿಲುಕಿತು. ಕಾರಿನ ಚಕ್ರಗಳನ್ನೂ ಸುಟ್ಟು ಬೆಚ್ಚಗಿರಲು ಯತ್ನಿಸಿದರು. ಒಂದು ವಾರದ ಮೇಲೆ ತಂದೆ ಸಹಾಯ ಹುಡುಕಿ ಕಾಲ್ನಡಿಗೆಯಲ್ಲಿ ಹೊರಟರು. ಕಾರಿನ ಬಳಿಯೇ ಉಳಿದ ತಾಯಿ ಮತ್ತು ಮಕ್ಕಳು ಬದುಕಿದರು. ಹೊರಟವರು ಚಳಿಗೆ ಬಲಿಯಾದರು. ಅವರು ಸ್ಕೀಯಿಂಗಿಗೆ ಹೋದವರಲ್ಲ, ನಿಜ. ಆದರೆ ಹಾದಿಯ ಸ್ವಭಾವ ಒಂದೇ.

ಇನ್ನೊಂದು ಭಯ ಹಿಮಪಾತದ್ದು. ನಾವು ನಡೆಯುವ ರಸ್ತೆ ಹದವಾಗಿದ್ದರೂ, ಅದರ ಮೇಲಣ ಇಳಿಜಾರು ಹದವಾಗಿರಬೇಕೆಂದಿಲ್ಲ. ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರಿನಲ್ಲಿ ಹಿಮರಾಶಿ ಜಾರುವ ಸಂಭವ ಹೆಚ್ಚು. ಮರ ಕಡಿದು ಬೋಳಾದ ಮೈಯಲ್ಲಿ ಅದನ್ನು ಹಿಡಿದಿಡುವುದೇನೂ ಇರುವುದಿಲ್ಲ. ವಾಯವ್ಯ ಹಿಮಪಾತ ಕೇಂದ್ರವು ಚಳಿಗಾಲವಿಡೀ ದಿನದಿನವೂ ಮುನ್ಸೂಚನೆ ನೀಡುತ್ತದೆ. ಅದನ್ನು ಓದದೆ ಮನೆ ಬಿಡಬಾರದು.

ಹಿಂದಿರುಗುವ ಗಳಿಗೆಯನ್ನು ಹೊರಡುವ ಮುನ್ನವೇ ನಿಶ್ಚಯಿಸುವುದು ಅಲ್ಲಿನ ಅನುಭವಿಗಳ ಪದ್ಧತಿ. ಹನ್ನೆರಡೂವರೆ ಎಂದರೆ ಹನ್ನೆರಡೂವರೆ. ತುದಿ ಕಣ್ಣಿಗೆ ಬಿದ್ದಿದ್ದರೂ ಸರಿಯೇ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂಕಾಲಿನ ಸುಮಾರಿಗೆಲ್ಲ ಸೂರ್ಯ ಮುಳುಗುವನು. ಬೆವರಿನಿಂದ ಒದ್ದೆಯಾದ ಹತ್ತಿಬಟ್ಟೆ ಮೈಯ ಶಾಖವನ್ನು ಕದಿಯುವುದರಿಂದ ಉಣ್ಣೆಯದೇ ಲೇಸು. ಕೈಚೀಲದಲ್ಲಿ ಕಾಗದದ ನಕ್ಷೆ, ದೀಪ, ಬೆಂಕಿಪೊಟ್ಟಣ, ಒಂದು ಹೊತ್ತಿನ ಹೆಚ್ಚಿನ ಆಹಾರ ಇರಬೇಕು. ಎಷ್ಟೋ ಕಣಿವೆಗಳಲ್ಲಿ ಮೊಬೈಲಿಗೆ ಸಂಕೇತ ಸಿಗದು, ಚಳಿಗೆ ಅದರ ಬ್ಯಾಟರಿಯೂ ಬೇಗ ಸೊರಗುತ್ತದೆ. ಊರಿನಲ್ಲಿರುವ ಹಿರಿಯರು ಮಕ್ಕಳೊಡನೆ ಮಾತನಾಡುವಾಗ ಊಟವಾಯಿತೇ ಎಂಬುದರ ಜೊತೆಗೆ, ಯಾವ ಹಾದಿ, ಎಷ್ಟು ಹೊತ್ತಿಗೆ ಹಿಂದಿರುಗುವಿರಿ, ನೆರೆಮನೆಯಲ್ಲಿ ಯಾರಿಗೆ ಹೇಳಿರುವಿರಿ ಎಂದೂ ಕೇಳಬೇಕೆಂದು ನಮ್ಮ ವಿನಂತಿ. ಮಕ್ಕಳು ನಕ್ಕರೂ ಚಿಂತೆಯಿಲ್ಲ.

ಚಳಿಗಾಲದಲ್ಲೇ ಮಕ್ಕಳ ಮನೆಗೆ ಹೋಗಿರುವ ಹಿರಿಯರು ಇದನ್ನೆಲ್ಲ ಓದಿ ಕಿಟಕಿಯ ಬಳಿ ಕುಳಿತೇ ಕಾಲ ಕಳೆಯಬೇಕಾಗಿಲ್ಲ. ಬಾಡಿಗೆಗೆ ಸ್ಕೀ ದೊರೆಯುತ್ತದೆ, ಸಮತಟ್ಟಾದ ಮೊದಲ ಒಂದು ಕಿಲೋಮೀಟರು ಸಾಕು. ನಾರ್ವೆಯಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿ, ಕ್ವಿಬೆಕ್ ಪ್ರಾಂತದ ಲಾರೆನ್ಷಿಯನ್ ಬೆಟ್ಟಗಳಲ್ಲಿ ಸ್ಕೀ ಹಾದಿಗಳನ್ನು ತಾವೇ ಕಡಿದು ರೂಪಿಸಿದ ಹರ್ಮನ್ ಸ್ಮಿತ್-ಯೊಹಾನ್ಸೆನ್ ಜನಿಸಿದ್ದು 1875ರಲ್ಲಿ, ತೀರಿಕೊಂಡದ್ದು 1987ರಲ್ಲಿ. ನೂರು ತುಂಬಿದ ಮೇಲೂ ಅವರು ಹಿಮದ ಮೇಲೆ ಹೆಜ್ಜೆಯಿಡುತ್ತಿದ್ದರು.