ಮಂಡ್ಯದ ಸೀಮೆಗೆ ಇಸ್ಲಾಂ ಬಂದ ದಾರಿಗಳು

ಪಾಂಡವಪುರದ ಹತ್ತಿರದ ಕೆರೆತೊಣ್ಣೂರಿಗೆ ಹೋದವರು ನಂಬಿನಾರಾಯಣನ ಗುಡಿ ನೋಡುತ್ತಾರೆ, ರಾಮಾನುಜರನ್ನು ನೆನೆಯುತ್ತಾರೆ, ಕೆರೆ ಏರಿಯ ತಂಪುಗಾಳಿಗೆ ಮೈಯೊಡ್ಡಿ ಹಿಂತಿರುಗುತ್ತಾರೆ. ಅದೇ ಊರಿನಲ್ಲಿ ಸಾಲಾರ್ ಮಸೂದ್ ಹೆಸರಿನ ಗೋರಿಯೊಂದಿದೆ. ಅದರ ಕಾಲ 1358 ಎಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಅಂದರೆ ಹೈದರಾಲಿ ಹುಟ್ಟುವುದಕ್ಕೂ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲಿನದು. ಮಂಡ್ಯದ ಮುಸ್ಲಿಮರ ಮಾತು ಬಂದಾಗಲೆಲ್ಲ ನಾವು ಹೈದರ್, ಟಿಪ್ಪುವಿನಿಂದಲೇ ಶುರು ಮಾಡುತ್ತೇವೆ. ತೊಣ್ಣೂರು ಅದಕ್ಕಿಂತ ಬಹಳ ಹಿಂದಕ್ಕೆ ಕರೆದೊಯ್ಯುತ್ತದೆ.

ಆ ಕಾಲದ ತೊಣ್ಣೂರು ಹೇಗಿತ್ತು? 1311ರಲ್ಲಿ ದಿಲ್ಲಿಯ ದಂಡನಾಯಕ ಮಲಿಕ್ ಕಾಫರನ ದಂಡು ಹೊಯ್ಸಳರ ರಾಜಧಾನಿ ದ್ವಾರಸಮುದ್ರಕ್ಕೆ ಬಂತು. ಮುಂದೆ ತುಘಲಕರ ದಂಡೂ ಬಂದು ರಾಜಧಾನಿ ಹಾಳಾದಾಗ ಹೊಯ್ಸಳರಿಗೆ ಆಸರೆಯಾದ ನೆಲೆಗಳಲ್ಲಿ ತೊಣ್ಣೂರೂ ಒಂದು. ದಿಲ್ಲಿಯಿಂದ ಇಷ್ಟೆಲ್ಲ ಏಟು ತಿಂದ ಮೂರನೆಯ ಬಲ್ಲಾಳನ ಸೇನೆಯ ಬಗ್ಗೆ ಮೊರೊಕ್ಕೋದ ಪ್ರವಾಸಿ ಇಬ್ನ್ ಬತೂತ ಬರೆದಿರುವ ಒಂದು ಮಾತು ಬೆರಗು ಹುಟ್ಟಿಸುತ್ತದೆ. ಆ ಸೇನೆಯಲ್ಲಿ ಇಪ್ಪತ್ತು ಸಾವಿರ ಮುಸ್ಲಿಮರಿದ್ದರಂತೆ! ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಹೊಯ್ಸಳ ದೊರೆಯ ಅನ್ನ ಉಂಡು ಮಧುರೆಯ ಸುಲ್ತಾನನ ವಿರುದ್ಧ ಕತ್ತಿ ಹಿಡಿದ ಮುಸ್ಲಿಮರಿದ್ದರು ಎಂಬುದು ಬಹಳ ದೊಡ್ಡ ಸಂಗತಿ. ವಿಜಯನಗರದ ಇಮ್ಮಡಿ ದೇವರಾಯನೂ ಕುದುರೆ ಮತ್ತು ಬಿಲ್ಲುಗಾರಿಕೆಯಲ್ಲಿ ನುರಿತ ಮುಸ್ಲಿಮರನ್ನು ಸೇನೆಗೆ ಸೇರಿಸಿಕೊಂಡ. ಊಳಿಗದ ದಾರಿ ಹೀಗೆ ಆಳ್ವಿಕೆಯ ದಾರಿಗಿಂತ ಮೊದಲೇ ತೆರೆದಿತ್ತು.

1638ರ ಹೊತ್ತಿಗೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಶ್ರೀರಂಗಪಟ್ಟಣದವರೆಗೂ ಬಂದ. ಮೈಸೂರಿನ ದೊರೆ ರಣಧೀರ ಕಂಠೀರವ ಅವನನ್ನು ಹಿಮ್ಮೆಟ್ಟಿಸಿದ. 1687ರಲ್ಲಿ ಮೊಗಲರು ಶಿರಾದಲ್ಲಿ ನೆಲೆಯೂರಿದರು. ಆ ಶಿರಾದ ಎಳೆ ಮುಂದೆ ನಮ್ಮ ಸೀಮೆಗೂ ಬಂದು ಸೇರುತ್ತದೆ.

1761ರಲ್ಲಿ ಮೈಸೂರಿನ ಅಧಿಕಾರ ಹೈದರಾಲಿಯ ಕೈ ಸೇರಿದ ಮೇಲೆ ಈ ಸೀಮೆಯ ಚಹರೆ ಬದಲಾಯಿತು. ಶಿಂಷೆಯ ದಡದ ಮದ್ದೂರಿನ ಕೋಟೆಯನ್ನು ಹೈದರ್ ಮರಳಿ ಕಟ್ಟಿಸಿದ. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅದನ್ನು ಕೆಡವಿಸಿದ. ಮಳವಳ್ಳಿ ಟಿಪ್ಪುವಿಗೆ ತಂದೆಯಿಂದ ಬಂದ ಜಹಗೀರು. ಅಲ್ಲಿ ಕೆರೆಯ ಬಳಿ ಸುಲ್ತಾನನದಾಗಿದ್ದ ಕಿತ್ತಳೆ, ಮಾವಿನ ತೋಟವನ್ನು 1800ರಲ್ಲಿ ಬ್ರಿಟಿಷರ ಪರವಾಗಿ ಸರ್ವೇಕ್ಷಣೆಗೆ ಬಂದ ಬುಕಾನನ್ ಕಂಡ. ಶ್ರೀರಂಗಪಟ್ಟಣದಲ್ಲಿ ಎರಡು ಮಿನಾರುಗಳ ಜಾಮಿಯಾ ಮಸೀದಿ ಎದ್ದಿತು. ಪಕ್ಕದ ಗಂಜಾಂ ಪೇಟೆ ತುಂಬಲು ಟಿಪ್ಪು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ತಂದ ಎನ್ನುತ್ತದೆ ದಾಖಲೆ. ಮೊಗಲರ ಕಾಲದ ಪೇಟೆಯೊಂದರ ಜನ ಹೀಗೆ ಕಾವೇರಿಯ ದ್ವೀಪಕ್ಕೆ ಬಂದಿಳಿದರು.

ಬಲವಂತ ನಡೆಯಲಿಲ್ಲವೇ? ನಡೆಯಿತು, ಅದನ್ನು ಮುಚ್ಚಿಡಬಾರದು. ಟಿಪ್ಪುವಿನ ಕೊಡಗಿನ ದಂಡಯಾತ್ರೆಗಳಲ್ಲಿ ಸೆರೆ ಸಿಕ್ಕವರನ್ನು ಶ್ರೀರಂಗಪಟ್ಟಣಕ್ಕೆ ತಂದು, ಮತಾಂತರಿಸಿ, ಅಹಮದಿ ಎಂಬ ಪಡೆಗೆ ಸೇರಿಸಲಾಯಿತು. ಬ್ರಿಟಿಷರ 1792ರ ಮುತ್ತಿಗೆಯ ಗದ್ದಲದಲ್ಲಿ ಅವರಲ್ಲಿ ಸಾವಿರಾರು ಮಂದಿ ತಪ್ಪಿಸಿಕೊಂಡರು. ಬಲವಂತದಿಂದ ಕಟ್ಟಿದ್ದು ಕಾವಲು ಸಡಿಲವಾದ ರಾತ್ರಿಯೇ ಬಿಚ್ಚಿಹೋಯಿತು.

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪು ಬ್ರಿಟಿಷ್ ಜನರಲ್ ಹ್ಯಾರಿಸನ ಸೇನೆಗೆ ಸೋತ. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದ ದ್ವೀಪದಲ್ಲಿ ಮರುವರ್ಷ ಬುಕಾನನ್ ಅಂದಾಜಿಗೆ ಸಿಕ್ಕವರು ಸುಮಾರು ಮೂವತ್ತೆರಡು ಸಾವಿರ. ಸಂಬಳ ನಿಂತ ಸಿಪಾಯಿಗಳು ಹೊಟ್ಟೆಪಾಡು ಹುಡುಕಿಕೊಂಡು ಚದುರಿದರು. ಮೂವತ್ತೆಂಟು ವರ್ಷ ಮುಸ್ಲಿಂ ದೊರೆಗಳ ಗದ್ದುಗೆಯಿದ್ದ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಮುಸ್ಲಿಮರು ನೂರಕ್ಕೆ ಸುಮಾರು ನಾಲ್ಕು; ಇಡೀ ರಾಜ್ಯದಲ್ಲಿ ಸುಮಾರು ಹದಿಮೂರು. ಗದ್ದುಗೆ ಇದ್ದಲ್ಲೆಲ್ಲ ಧರ್ಮ ಹರಡುತ್ತದೆ ಎಂಬ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ.

ಆದರೆ ಬೇರೆ ಎಷ್ಟೋ ಉಳಿಯಿತು. ಮಂಡ್ಯದ ರೈತ ತನ್ನ ಪಹಣಿ ತೆಗೆದರೆ ತರಿ, ಖುಷ್ಕಿ, ಬಾಗಾಯ್ತು ಎಂಬ ಮಾತುಗಳಿವೆ. ಪಾರಸಿಯಲ್ಲಿ ತರ್ ಎಂದರೆ ಒದ್ದೆ, ಖುಷ್ಕ್ ಎಂದರೆ ಒಣಗಿದ್ದು, ಬಾಗ್ ಎಂದರೆ ತೋಟ. ಕನ್ನಂಬಾಡಿ ನಾಲೆಯ ನೀರು ಹರಿದು ಎಷ್ಟು ಖುಷ್ಕಿ ತರಿಯಾಯಿತೋ! ಮೊಹರಂ ಹಳೇ ಮೈಸೂರಿನ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವಾಯಿತು. ಹರಕೆ ಹೊತ್ತವರ ಜಾತಿಯನ್ನು ಬಾಬಯ್ಯ ಕೇಳಲಿಲ್ಲ.

ಇನ್ನು ರೇಷ್ಮೆ. ಮದ್ದೂರು, ಮಳವಳ್ಳಿಯ ಹಿಪ್ಪುನೇರಳೆ ತೋಟಗಳ ಗೂಡು ಇವತ್ತಿಗೂ ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಬೆಳೆದವರು ಹೆಚ್ಚಾಗಿ ಒಕ್ಕಲಿಗರು, ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಬಹಳ ಮಂದಿ ಮುಸ್ಲಿಮರು. ಈ ಕಸುಬಿನ ಹಿಂದೆ 1786ರ ಒಂದು ಪತ್ರವಿದೆ. ಬಂಗಾಳದಿಂದ ಬರಲಿರುವ ಹುಳುಗಳನ್ನು ಸಾಕಲು ಜಾಗ ಗೊತ್ತುಮಾಡು ಎಂದು ಟಿಪ್ಪು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ್ದು. ಹುಳು ತರಲು ಬಂಗಾಳಕ್ಕೆ ಹೋಗಿದ್ದವರ ಹೆಸರೂ ಅದರಲ್ಲಿದೆ: ಒಬ್ಬ ಬಹಾವುದ್ದೀನ್, ಇನ್ನೊಬ್ಬ ಕಸ್ತೂರಿ ರಂಗ.