ಬರೆದವರಿಗೇ ಅನುಭವ ಸಾಲದು!

2020ರ ಜುಲೈನಲ್ಲಿ ಸೆಬಾಸ್ಟಿಯನ್ ರಮಿರೆಜ್ ಕಣ್ಣಿಗೆ ಒಂದು ಉದ್ಯೋಗ ಜಾಹೀರಾತು ಬಿತ್ತು. ಪೈಥಾನ್‌ನಲ್ಲಿ ವೆಬ್ ಸೇವೆ ಕಟ್ಟಲು ಬಳಸುವ ಫಾಸ್ಟ್‌ಎಪಿಐನಲ್ಲಿ ಕನಿಷ್ಠ ನಾಲ್ಕು ವರ್ಷ ಪಳಗಿದವರು ಬೇಕು ಎಂದು ಅದರಲ್ಲಿತ್ತು. ಅರ್ಜಿ ಹಾಕುವ ಅರ್ಹತೆ ತಮಗಿಲ್ಲ ಎಂದು ಅವರು ಟ್ವೀಟ್ ಮಾಡಿದರು. ಫಾಸ್ಟ್‌ಎಪಿಐ ಬರೆದವರೇ ಅವರು. ಬರೆದು ಆಗಿದ್ದದ್ದು ಒಂದೂವರೆ ವರ್ಷ ಅಷ್ಟೆ.

ಡೆವಲಪರ್‌ಗಳು ಬಿದ್ದುಬಿದ್ದು ನಕ್ಕರು. ಆದರೆ ಇಂಥ ಜಾಹೀರಾತು ಹುಟ್ಟುವ ಬಗೆ ಅವರಿಗೆ ಹೊಸದೇನಲ್ಲ. ಮ್ಯಾನೇಜರ್ ‘ಒಳ್ಳೆ ಸೀನಿಯರ್ ಬೇಕು’ ಎಂದು ತಂಡ ಬಳಸುವ ಸಲಕರಣೆಗಳ ಪಟ್ಟಿ ಕೊಡುತ್ತಾರೆ. ಎಚ್‌ಆರ್‌ನವರು ಒಂದೊಂದರ ಮುಂದೂ ಒಂದು ಅಂಕಿ ಬರೆಯುತ್ತಾರೆ. ಆ ಸಲಕರಣೆ ಹುಟ್ಟಿದ್ದು ಯಾವಾಗ ಎಂದು ಯಾರೂ ನೋಡುವುದಿಲ್ಲ.

ಜಾಹೀರಾತು ದಾಟಿದರೆ ಸಂದರ್ಶನ. ಮ್ಯಾಕ್ ಬಳಸುವ ಡೆವಲಪರ್‌ಗಳಿಗೆ ಹೋಮ್‌ಬ್ರೂ ಗೊತ್ತಿರಲೇಬೇಕು. ಬೇಕಾದ ತಂತ್ರಾಂಶವನ್ನು ಒಂದೇ ಸಾಲಿನ ಆಜ್ಞೆಯಲ್ಲಿ ಇಳಿಸಿಕೊಡುವ ಸಾಧನ ಅದು. ಅದನ್ನು ಸೃಷ್ಟಿಸಿದ ಮ್ಯಾಕ್ಸ್ ಹೋವೆಲ್ ಅವರನ್ನು 2015ರಲ್ಲಿ ಗೂಗಲ್ ಸಂದರ್ಶನದಲ್ಲಿ ತಿರಸ್ಕರಿಸಿತು. ತನ್ನ ಎಂಜಿನಿಯರ್‌ಗಳಲ್ಲಿ ಶೇ 90 ಮಂದಿ ಬಳಸುವ ತಂತ್ರಾಂಶ ಬರೆದವರಾದರೂ, ವೈಟ್‌ಬೋರ್ಡ್ ಮೇಲೆ ಬೈನರಿ ಟ್ರೀ ಎಂಬ ದತ್ತಾಂಶ ರಚನೆಯ ಎಡ-ಬಲ ಅದಲುಬದಲು ಮಾಡಲು ಬರದ ಕಾರಣಕ್ಕೆ ಗೂಗಲ್ ತಮ್ಮನ್ನು ಬೇಡವೆಂದಿತು ಎಂದು ಹೋವೆಲ್ ಟ್ವಿಟರ್‌ನಲ್ಲಿ ಸಿಡುಕಿದರು. ತಮಗೆ ಕಂಪ್ಯೂಟರ್ ಸೈನ್ಸ್ ಅಷ್ಟಾಗಿ ಬಾರದು ಎಂಬುದನ್ನು ಅವರೇ ಆಮೇಲೆ ಒಪ್ಪಿಕೊಂಡರೆನ್ನಿ. ಆದರೂ ಜನ ಬಳಸುವಂಥದ್ದನ್ನು ಮಾಡಬಲ್ಲೆ ಎಂಬ ಅವರ ವಾದವನ್ನು ತಳ್ಳಿಹಾಕುವುದು ಕಷ್ಟ.

ಸಂದರ್ಶಕರ ಕಡೆಯ ಸಂಕಟವೂ ಸುಳ್ಳಲ್ಲ. 1ರಿಂದ 100ರವರೆಗೆ ಎಣಿಸುತ್ತ ಮೂರರ ಗುಣಕ ಬಂದಾಗ ‘ಫಿಜ್’, ಐದರದ್ದು ಬಂದಾಗ ‘ಬಜ್’, ಎರಡರದ್ದೂ ಆದರೆ ‘ಫಿಜ್‌ಬಜ್’ ಎಂದು ಮುದ್ರಿಸಬೇಕು. ಇಷ್ಟು ಪುಟ್ಟ ಪ್ರೋಗ್ರಾಂ ಬರೆಯಲೂ ಪದವೀಧರರು ತಿಣುಕುತ್ತಾರೆ ಎಂಬ ದೂರು 2007ರಿಂದಲೇ ಚಾಲ್ತಿಯಲ್ಲಿದೆ.

ಕೆಲಸ ಸಿಕ್ಕಿದ ಮೇಲೆ ಟ್ರೀ ತಿರುಗಿಸುವ ಪ್ರಸಂಗ ಬಹುತೇಕರಿಗೆ ಬರುವುದೇ ಇಲ್ಲ. ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್, ಆಮೇಲೆ ಕೆಲಸಗಳ ಪಟ್ಟಿ ಇಡುವ ಜಿರಾದಲ್ಲಿ ಕಾಯುತ್ತಿರುವ ಟಿಕೆಟ್, ಯಾರೋ ಬರೆದು ಬಿಟ್ಟುಹೋದ ಕೋಡ್. ನಡುವೆ ಸರ್ವರ್‌ಗೆ ಲಾಗಿನ್ ಆಗಿ ಒಂದು ಫೈಲ್ ತಿದ್ದಲು ಹೋದರೆ ವಿಮ್ ಎಂಬ ಎಡಿಟರ್ ತೆರೆದುಕೊಳ್ಳುತ್ತದೆ. ಒತ್ತಿದ ಅಕ್ಷರ ಮೂಡುವುದಿಲ್ಲ, ಮೂಡಿದ್ದು ಅಳಿಯುವುದಿಲ್ಲ, ಹೊರಬರಲು ಬಟನ್ನೇ ಇಲ್ಲ. ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್: ಬಿಡುಗಡೆಯ ಮಂತ್ರ ಇಷ್ಟೇ. ವಿಮ್‌ನಿಂದ ಹೊರಬರುವುದು ಹೇಗೆ ಎಂದು ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನು 2017ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಜನ ತೆರೆದು ನೋಡಿದ್ದರು. ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆ ಬಹುಶಃ ಇದೇ.

ಬೆಂಗಳೂರಿಗೆ ಈ ಪರೀಕ್ಷೆಯ ಗೀಳು ಹಳೆಯದು. ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳು ಒಗಟು ಕೇಳುತ್ತಿದ್ದ ಕಾಲದಲ್ಲಿ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಶಕುಂತಲಾ ದೇವಿಯವರ ಒಗಟಿನ ಪುಸ್ತಕಗಳು ಕೈಯಿಂದ ಕೈಗೆ ದಾಟಿ ನಜ್ಜುಗುಜ್ಜಾಗುತ್ತಿದ್ದವು. ಇದೇ ಊರಿನಲ್ಲಿ ಹುಟ್ಟಿದ ಆ ಗಣಿತ ಪ್ರತಿಭೆಗೆ ಸಾಫ್ಟ್‌ವೇರ್ ಉದ್ಯಮ ಎಷ್ಟು ಋಣಿಯೋ! ಒಗಟುಗಳಿಂದ ಉದ್ಯೋಗಿಯ ಯೋಗ್ಯತೆ ತಿಳಿಯುವುದಿಲ್ಲ, ಅದು ಸಮಯದ ವ್ಯರ್ಥ ಎಂದು ಗೂಗಲ್‌ನ ಮಾನವ ಸಂಪನ್ಮೂಲ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ಹೇಳಿದರು. ಒಗಟು ಹಿಂದೆ ಸರಿಯಿತು, ಕೋಡಿಂಗ್ ಪ್ರಶ್ನೆ ಬಿಡಿಸಿ ಅಭ್ಯಾಸ ಮಾಡುವ ತಾಣ ಲೀಟ್‌ಕೋಡ್ ಬಂತು. ಈಗ ಪುಸ್ತಕದ ಬದಲು ರಾತ್ರಿ ಹನ್ನೊಂದರವರೆಗೆ ಪಿಜಿಯ ಮಂಚದ ಮೇಲೆ ಲ್ಯಾಪ್‌ಟಾಪ್.

ಇಲ್ಲಿನ ಅಸಲಿ ಹಾಸ್ಯ ಶುರುವಾಗುವುದು ಆಯ್ಕೆಯಾದ ಮೇಲೆ. ಅನೇಕ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ 90 ದಿನ. ಒಂದು ಆಫರ್ ಹಿಡಿದು ರಾಜೀನಾಮೆ ಕೊಟ್ಟವರು ಅಷ್ಟರೊಳಗೆ ಅದನ್ನೇ ತೋರಿಸಿ ಇನ್ನೆರಡು ಗಿಟ್ಟಿಸಿಕೊಳ್ಳುತ್ತಾರೆ. ಹೊಸ ಕಂಪನಿಯ ಎಚ್‌ಆರ್ ವಾರವಾರವೂ ಫೋನ್ ಮಾಡಿ, ‘ಜಾಯಿನ್ ಆಗ್ತೀರಲ್ವಾ? ಗ್ಯಾರಂಟಿನಾ?’ ಎಂದು ವಿಚಾರಿಸುತ್ತಾರೆ. ‘ಖಂಡಿತಾ ಮೇಡಂ’ ಎಂದವರ ಫೋನ್ ಸೇರಬೇಕಾದ ದಿನ ಸ್ವಿಚ್ ಆಫ್. ಹಾಗಾಗಿ ಜಾಹೀರಾತುಗಳಲ್ಲಿ ‘ತಕ್ಷಣ ಸೇರುವವರಿಗೆ ಆದ್ಯತೆ’ ಎಂಬ ಸಾಲು. ಆ ಸಾಲು ಹಾಕುವ ಕಂಪನಿಯೂ ತನ್ನವರು ರಾಜೀನಾಮೆ ಕೊಟ್ಟರೆ 90 ದಿನ ಪೂರೈಸದೆ ಬಿಡುವುದಿಲ್ಲ.