ಪ್ರವಾಸಕ್ಕೆ ಮುನ್ನ ದಾದಿಯ ಮಂಡಿಯನ್ನೂ ಕೇಳಿ

ರಜೆ ಬಂತೆಂದರೆ ನಮ್ಮ ಮಾಗಳದಲ್ಲೂ ಸುತ್ತಲಿನ ಊರುಗಳಲ್ಲೂ ನಾಲ್ಕಾರು ಮನೆಯವರು ಸೇರಿ, ಗಾಡಿ ಗೊತ್ತುಮಾಡಿ ಪ್ರವಾಸ ಹೊರಡುವುದು ವಾಡಿಕೆ. ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವರು ಹೆಚ್ಚಾಗಿ ಹುಡುಗರೇ. ಮಂಡಿನೋವಿನ ದಾದಿಯನ್ನು, ಸಕ್ಕರೆ ಕಾಯಿಲೆಯ ಚಾಚಾನನ್ನು, ಬಸುರಿ ಸೊಸೆಯನ್ನು ಯಾರೂ ಕೇಳುವುದಿಲ್ಲ. ತಾವು ಬೇಡವೆಂದರೆ ಎಲ್ಲರ ಖುಷಿ ಕೆಡುತ್ತದೆಂದು ಅವರೂ ಸುಮ್ಮನಿರುತ್ತಾರೆ. ತಿರುಗಿ ಬಂದ ಮೇಲೆ ವಾರಗಟ್ಟಲೆ ನೋವು ತಿನ್ನುತ್ತಾರೆ.

ನಮಾಜಿಗೆ ನಿಂತವರಲ್ಲಿ ವೃದ್ಧರು, ದುರ್ಬಲರು ಇರುತ್ತಾರೆ, ಆದ್ದರಿಂದ ಇಮಾಮರು ಅದನ್ನು ಹಗುರವಾಗಿಸಬೇಕು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಪ್ರವಾಸದ ಮುಂದಾಳಿಗೂ ಇದು ಒಳ್ಳೆಯ ಪಾಠ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರೇ ಅಳತೆಗೋಲು.

ಮೊದಲು ಮನೆಯಲ್ಲೇ ಪರೀಕ್ಷೆ

ಯುನಾನಿ ಪದ್ಧತಿಯು ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯನ್ನು ಜೊತೆಯಾಗಿ ಎಣಿಸುತ್ತದೆ. ಹೊರಡುವ ಒಂದು ತಿಂಗಳ ಮೊದಲೇ ಫಜ್ರ್ ನಮಾಜಿನ ನಂತರ ಎಲ್ಲರೂ ಅರ್ಧ ಗಂಟೆ ನಡೆಯಿರಿ. ಮಾತಾಡುತ್ತ ನಡೆಯಲು ಸಾಧ್ಯವಾದರೆ ಸಮತಟ್ಟಾದ ಸ್ಥಳಕ್ಕೆ ಚಿಂತೆಯಿಲ್ಲ. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂದರೆ, ಎದೆ ಹಿಡಿದಂತಾದರೆ ಬೆಟ್ಟದ ಯೋಚನೆ ಬಿಟ್ಟು ವೈದ್ಯರಿಗೆ ತೋರಿಸಿ. ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ ಎಂಬುದು ನೆನಪಿರಲಿ.

ಎಲ್ಲರಿಗೂ ಒಗ್ಗುವ ಸ್ಥಳ

ಗಟ್ಟಿಗರು ಹತ್ತಲು, ಉಳಿದವರು ಬೇಸರವಿಲ್ಲದೆ ಕಾಯಲು ಅನುಕೂಲವಿರುವ ಸ್ಥಳವೇ ಉತ್ತಮ. ವಿಜಯಪುರದ ಗೋಳಗುಮ್ಮಟದಲ್ಲಿ ಪಿಸುಮಾತಿನ ಗ್ಯಾಲರಿಗೆ ಹೋಗಲು ಏಳು ಅಂತಸ್ತಿನ ಗೋಪುರದ ಕಿರಿದಾದ, ಕಡಿದಾದ ಮೆಟ್ಟಿಲು ಹತ್ತಬೇಕು. ಹತ್ತಲಾಗದವರಿಗೆ ಕೆಳಗೆ ಮುಹಮ್ಮದ್ ಆದಿಲ್ ಶಾಹನ ಸಮಾಧಿಯ ಭವ್ಯ ಸಭಾಂಗಣ, ಉದ್ಯಾನ, ವಸ್ತುಸಂಗ್ರಹಾಲಯಗಳಿವೆ. ನಮಗೆ ಹತ್ತಿರದ ಹಂಪಿಯಲ್ಲಿ ಹುಡುಗರು ಬೆಳಿಗ್ಗೆಯೇ ಮಾತಂಗ ಬೆಟ್ಟ ಹತ್ತಲಿ, ಹಿರಿಯರು ಕಮಲ ಮಹಲಿನ ಆವರಣದಲ್ಲಿ ನಿಧಾನವಾಗಿ ಅಡ್ಡಾಡಲಿ. 1439ರಲ್ಲಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿಯನ್ನು ಎಲ್ಲರೂ ಒಟ್ಟಿಗೆ ನೋಡಬಹುದು. ಚಿತ್ರದುರ್ಗದ ಕೋಟೆಯಲ್ಲಿ ಏರುಬಂಡೆಗಳೇ ಹೆಚ್ಚು. ಅದು ಕಾಲು ಗಟ್ಟಿಯಿರುವವರಿಗೆ ಸರಿ.

ಹೊರಡುವ ದಿನ

ನಮ್ಮ ಸೀಮೆಯ ಬಿಸಿಲಿಗೆ ನವೆಂಬರಿನಿಂದ ಜನವರಿಯವರೆಗಿನ ಕಾಲವೇ ಲೇಸು. ಸಕ್ಕರೆ ಕಾಯಿಲೆಯವರು ಮಾತ್ರೆ, ಊಟದ ಹೊತ್ತು ತಪ್ಪಿಸಬಾರದು. ಸಕ್ಕರೆ ಇಳಿದಾಗ ತಿನ್ನಲು ಜೇಬಿನಲ್ಲಿ ಖರ್ಜೂರ ಅಥವಾ ಸಕ್ಕರೆ ಇರಲಿ. ಬರಿಗಾಲಲ್ಲಿ ನಡೆಯಬಾರದು, ರಾತ್ರಿ ಪಾದಗಳನ್ನು ನೋಡಿಕೊಳ್ಳಬೇಕು. ಶೌಚಾಲಯ ಸಿಗದೆಂದು ನಮ್ಮ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯುವುದೇ ಇಲ್ಲ. ಇದರಿಂದ ತಲೆಸುತ್ತು, ಉರಿಮೂತ್ರ ಬರುತ್ತದೆ. ಆದ್ದರಿಂದ ಎರಡು ಗಂಟೆಗೊಮ್ಮೆಯಾದರೂ ಶೌಚಾಲಯವಿರುವ ಕಡೆ ಗಾಡಿ ನಿಲ್ಲಿಸಿ. ಬಸುರಿಯರು ಕಡಿದಾದ ಮೆಟ್ಟಿಲು ಹತ್ತುವುದು ಬೇಡ.

ಎದೆನೋವು, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬರುವುದು ಕಂಡರೆ ‘ಇನ್ನು ಸ್ವಲ್ಪವೇ ಇದೆ’ ಎಂದು ಹುರಿದುಂಬಿಸಬೇಡಿ. ಅಲ್ಲೇ ಕೂರಿಸಿ, 108ಕ್ಕೆ ಕರೆ ಮಾಡಿ.

ಪ್ರಯಾಣಿಕರಿಗೆ ನಾಲ್ಕು ರಕಅತ್‌ಗಳ ಫರ್ಝ್ ನಮಾಜನ್ನೇ ಎರಡಕ್ಕಿಳಿಸಿ ಸಡಿಲಿಕೆ ಕೊಟ್ಟ ಧರ್ಮ ನಮ್ಮದು. ಹತ್ತಲಾರೆ ಎಂದವರನ್ನು ಗೇಲಿ ಮಾಡದೆ, ಅವರ ಜೊತೆಗೆ ಒಬ್ಬರು ಕೆಳಗೆ ಕುಳಿತರೆ ಅದೂ ಒಂದು ಪುಣ್ಯದ ಕೆಲಸವೇ.